ಟಿವಿ ಗೇಮ್ ಪೆಟ್ಟಿಗೆ: ಗುಣ ಯಾವುದು, ದೋಷ ಯಾವುದು?



ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಒಳ್ಳೆಯದೋ ಕೆಟ್ಟದ್ದೋ ಎಂದು ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ದೊಡ್ಡವರು "ಓದೂ ಹಾಳು, ಕಣ್ಣೂ ಹಾಳು" ಎನ್ನುತ್ತಾರೆ. ಆಡುವವರು "ಆಡಿ ನೋಡದವರಿಗೆ ಏನು ಗೊತ್ತು" ಎನ್ನುತ್ತಾರೆ. ಈ ವಾದ ಬೆಂಗಳೂರಿನ ಮನೆಗಳಲ್ಲಿ ಮೂವತ್ತು ವರ್ಷಗಳಿಂದ ನಡೆದಿದೆ. ಎರಡು ಕಡೆಯವರೂ ಸಾಮಾನ್ಯವಾಗಿ ಮಾಡದ ಕೆಲಸ ಒಂದಿದೆ. ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ, ಅದರ ಸ್ವಭಾವವೇನು ಎಂದು ಯಾರೂ ಬಿಚ್ಚಿ ನೋಡುವುದಿಲ್ಲ.

ನಾನು ಈ ವಿಷಯವನ್ನು ಎರಡು ಕಡೆಯಿಂದ ಬಲ್ಲೆ. ಆರ್.ಟಿ. ನಗರದಲ್ಲಿ ಬೆಳೆದ ನಾನು ಶಾಲಾ ದಿನಗಳಿಂದ ಈ ಆಟಗಳನ್ನು ಆಡಿದ್ದೇನೆ, ನಲವತ್ತು ದಾಟಿದ ಮೇಲೂ ಬಿಟ್ಟಿಲ್ಲ. ವಿಜ್ಞಾನ ಓದಿ ಟಿವಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನಾದ್ದರಿಂದ ಪರದೆಯ ಹಿಂದೆ ನಡೆಯುವುದನ್ನೂ ನೋಡಿದ್ದೇನೆ. ಆದ್ದರಿಂದ ಇಲ್ಲಿ ಹೇಳುವುದು ಒಬ್ಬ ಆಟಗಾರನ ಅಭಿಪ್ರಾಯ. ಆದರೆ ಪ್ರತಿಯೊಂದು ಅಭಿಪ್ರಾಯಕ್ಕೂ ಕಾರಣ ಕೊಡಲು ಪ್ರಯತ್ನಿಸುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪೆಟ್ಟಿಗೆಯ ಗುಣ ಮತ್ತು ದೋಷ ಎರಡೂ ಹುಟ್ಟುವುದು ಒಂದೇ ಬೇರಿನಿಂದ. ಆ ಬೇರು ಯಾವುದೆಂದರೆ, ಅದು ಮುಚ್ಚಿದ ಪೆಟ್ಟಿಗೆ.

ಕನ್ಸೋಲ್ ಎಂದರೇನು?

ಕಂಪ್ಯೂಟರಿನಲ್ಲಿ ಪತ್ರ ಬರೆಯಬಹುದು, ಲೆಕ್ಕ ಮಾಡಬಹುದು, ಆಟವನ್ನೂ ಆಡಬಹುದು. ಆಟ ಆಡುವುದಕ್ಕೆಂದೇ ಮಾಡಿ, ಟಿವಿಯನ್ನೇ ಪರದೆಯಾಗಿ ಬಳಸಿಕೊಳ್ಳುವ ಕಂಪ್ಯೂಟರಿಗೆ ಕನ್ಸೋಲ್ ಎಂದು ಹೆಸರು. ನಮ್ಮ ಬೀದಿಗಳಲ್ಲಿ ಅದು 'ಟಿವಿ ಗೇಮ್' ಎಂದೇ ಪರಿಚಿತವಾಗಿತ್ತು.

ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಂ ಎಂಬ ಕನ್ಸೋಲನ್ನು ಮಾರುಕಟ್ಟೆಗೆ ತಂದಿತು. 1985ರಲ್ಲಿ ಅದೇ ಯಂತ್ರ ಬೇರೆ ಹೊದಿಕೆ ತೊಟ್ಟು, ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮ ದೇಶಕ್ಕೆ ಈ ತಂತ್ರಜ್ಞಾನ ತೊಂಬತ್ತರ ದಶಕದಲ್ಲಿ ಸಮುರಾಯ್, ಮೀಡಿಯಾ ಮೊದಲಾದ ಹೆಸರುಗಳಲ್ಲಿ ಬಂತು. ಅದರ ಜೊತೆಗೆ, ಫ್ಯಾಮಿಕಾಂ ಒಳಗಿನ ಚಿಪ್‌ಗಳನ್ನು ಅನುಕರಿಸಿ ತೈವಾನ್ ಮತ್ತು ಚೀನಾದಲ್ಲಿ ತಯಾರಾದ ಅಗ್ಗದ ಪೆಟ್ಟಿಗೆಗಳೂ ಬಂದವು. ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ನಲ್ಲೋ ಎಸ್.ಪಿ. ರಸ್ತೆಯಲ್ಲೋ ಅವನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೆಬ್ಬಾಳಕ್ಕೋ ಯಲಹಂಕಕ್ಕೋ ತಂದ ಮನೆಗಳು ಎಷ್ಟೋ. ಆಟಗಳು ಪ್ಲಾಸ್ಟಿಕ್ ಚಿಪ್ಪಿನೊಳಗೆ ಬರುತ್ತಿದ್ದವು. ಅದರಲ್ಲಿ ಟೇಪ್ ಇರಲಿಲ್ಲ, ಆದರೂ ನಾವೆಲ್ಲ ಅದನ್ನು 'ಕ್ಯಾಸೆಟ್' ಎಂದೇ ಕರೆದೆವು.

ಅಗ್ಗದ ಪೆಟ್ಟಿಗೆ ಇಲ್ಲದಿದ್ದರೆ ಏನಾಗುತ್ತಿತ್ತು? 1995ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಕನ್ಸೋಲನ್ನು ಶಾ ವಾಲೇಸ್ ಕಂಪನಿಯ ಮೂಲಕ ಭಾರತದಲ್ಲಿ ಅಧಿಕೃತವಾಗಿ ಮಾರಲಾಯಿತು. ಅದರ ಬೆಲೆ ಸುಮಾರು 18,000 ರೂಪಾಯಿ. ಆಗ ಹೊರದೇಶದಿಂದ ತರಿಸುವ ಇಂಥ ವಸ್ತುಗಳ ಮೇಲಿನ ಸುಂಕವೇ ಶೇಕಡಾ 80ರಷ್ಟಿತ್ತು. ಸಂಬಳದ ಮನೆಗಳಿಗೆ ಅದು ಕನಸಿನ ಮಾತು. ಬೆಂಗಳೂರಿನ ಒಂದು ಪೀಳಿಗೆಗೆ ಈ ಆಟಗಳ ಪರಿಚಯವಾದದ್ದು ನಕಲು ಪೆಟ್ಟಿಗೆಗಳಿಂದ ಎಂಬುದು ನಿಜ. ಆಟ ಬರೆದವರಿಗೆ ಆ ಮಾರಾಟದಿಂದ ಒಂದು ಪೈಸೆಯೂ ಸೇರಲಿಲ್ಲ ಎಂಬುದೂ ಅಷ್ಟೇ ನಿಜ.

ಮೊದಲ ಗುಣ: ಬದಲಾಗದ ಯಂತ್ರ

ಫ್ಯಾಮಿಕಾಂನ ಒಳಗೆ ಏನಿತ್ತು ನೋಡಿ. ಅದರ ಸಂಸ್ಕಾರಕ ಒಂದು ಸೆಕೆಂಡಿಗೆ ಸುಮಾರು 18 ಲಕ್ಷ ಬಾರಿ ಮಿಡಿಯುತ್ತಿತ್ತು. ಕೆಲಸಕ್ಕೆ ಬೇಕಾದ ನೆನಪಿನ ಜಾಗ ಕೇವಲ 2 ಕಿಲೋಬೈಟ್. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಆ ಜಾಗ 16 ಗಿಗಾಬೈಟ್, ಅಂದರೆ ಎಂಬತ್ತು ಲಕ್ಷ ಪಟ್ಟಿಗೂ ಹೆಚ್ಚು.

ಇಷ್ಟು ಚಿಕ್ಕ ಜಾಗದಲ್ಲಿ ಆಟ ಹೇಗೆ ಸಾಧ್ಯವಾಯಿತು? ಯಂತ್ರ ಬದಲಾಗುವುದಿಲ್ಲ ಎಂಬ ಭರವಸೆಯಿಂದ. ಎಲ್ಲರ ಮನೆಯ ಪೆಟ್ಟಿಗೆಯೂ ಒಂದೇ ಆಗಿರುವುದರಿಂದ, ಆಟ ಬರೆಯುವವನು ಅದರ ಮೂಲೆಮೂಲೆಯನ್ನೂ ಕಲಿತು ಬಳಸಬಹುದು. ಚಿಕ್ಕ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಅಡಿಗೆ ಮಾಡಿದವರಿಗೆ ಕತ್ತಲೆಯಲ್ಲೂ ಸಾಸಿವೆ ಡಬ್ಬಿ ಕೈಗೆ ಸಿಗುವ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟ ಪೂರ್ತಿಯಾಗಿ 40 ಕಿಲೋಬೈಟ್ ಮಾತ್ರ. ಇಂದು ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ 4 ಮೆಗಾಬೈಟ್ ಇದ್ದರೆ, ಆ ಜಾಗದಲ್ಲಿ ನೂರು ಮಾರಿಯೋ ಆಟಗಳನ್ನು ಇಡಬಹುದು. ಜಾಗ ಉಳಿಸಲು ಅದನ್ನು ಬರೆದವರು ಮಾಡಿದ ಒಂದು ಉಪಾಯ ಬಹಳ ಚೆನ್ನ. ಆ ಆಟದಲ್ಲಿ ಮೇಲೆ ಕಾಣುವ ಮೋಡ ಮತ್ತು ಕೆಳಗೆ ಕಾಣುವ ಪೊದೆ ಒಂದೇ ಚಿತ್ರ! ಬಿಳಿ ಬಣ್ಣ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಮುಂದಿನ ಸಲ ಆ ಆಟ ನೋಡಿದಾಗ ಗಮನಿಸಿ.

ಮಿತಿ ಇದ್ದಲ್ಲಿ ಕಾಣುವ ಕುಂದೂ ಇರುತ್ತದೆ. 'ಕಾಂಟ್ರಾ' ಆಟದಲ್ಲಿ ಶತ್ರುಗಳೂ ಗುಂಡುಗಳೂ ಹೆಚ್ಚಾದಾಗ ಚಿತ್ರಗಳು ಮಿಣುಕುವುದನ್ನು ಕಂಡವರು ಟಿವಿ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಟಿವಿ ಸರಿಯಾಗಿಯೇ ಇತ್ತು. ಟಿವಿ ಚಿತ್ರ ಮೂಡುವುದು ಅಡ್ಡಗೆರೆಗಳಿಂದ. ಫ್ಯಾಮಿಕಾಂನ ಚಿತ್ರ ಚಿಪ್ ಒಂದು ಗೆರೆಯಲ್ಲಿ ಎಂಟು ಚಲಿಸುವ ತುಣುಕುಗಳನ್ನು ಮಾತ್ರ ಬರೆಯಬಲ್ಲದು. ಮಾರಿಯೋನಂಥ ಒಬ್ಬ ಪಾತ್ರಧಾರಿಯ ಅಗಲಕ್ಕೆ ಎರಡು ತುಣುಕು ಬೇಕು. ಅಂಥ ನಾಲ್ವರು ಸಾಲಾಗಿ ನಿಂತರೆ ಗೆರೆ ತುಂಬಿತು. ಐದನೆಯವನು ಬಂದರೆ ಅವನು ಮಾಯ. ಹೀಗಾಗಬಾರದೆಂದು ಜಾಣ ಬರಹಗಾರರು ಪ್ರತಿ ಚಿತ್ರದಲ್ಲೂ ಸರದಿ ಬದಲಿಸಿದರು. ಒಂದು ಚಿತ್ರದಲ್ಲಿ ಇವನು ಮಾಯ, ಮುಂದಿನದರಲ್ಲಿ ಅವನು ಮಾಯ. ಕಣ್ಣಿಗೆ ಎಲ್ಲರೂ ಕಾಣುತ್ತಾರೆ, ಆದರೆ ಮಿಣುಕುತ್ತಾ ಕಾಣುತ್ತಾರೆ. ಕುಂದನ್ನು ಮುಚ್ಚಿಹಾಕಲು ಆಗದಿದ್ದಾಗ ಅದನ್ನು ಎಲ್ಲರಿಗೂ ಸಮನಾಗಿ ಹಂಚುವುದೂ ಒಂದು ವಿದ್ಯೆ.

ಎರಡನೆಯ ಗುಣ: ಕೈಗೂ ಕಣ್ಣಿಗೂ ನಡುವೆ ನ್ಯಾಯ

ಒಳ್ಳೆಯ ಆಟದಲ್ಲಿ ಸೋತಾಗ "ನಾನು ತಡಮಾಡಿದೆ" ಎನ್ನಿಸಬೇಕು, "ಯಂತ್ರ ಮೋಸ ಮಾಡಿತು" ಎನ್ನಿಸಬಾರದು. ಆಟಗಾರನಾಗಿ ನಾನು ಎಲ್ಲಕ್ಕಿಂತ ಮೇಲಿಡುವ ಗುಣ ಇದು. ಇದರ ಹಿಂದೆ ಭೌತವಿಜ್ಞಾನವಿದೆ.

ಆಗಿನ ಟಿವಿಯಲ್ಲಿ ಗಾಜಿನ ಚಿತ್ರನಳಿಕೆ ಇತ್ತು. ಅಂಥ ಕಪ್ಪು ಬಿಳುಪು ನಳಿಕೆಗಳು 1970ರ ದಶಕದಲ್ಲಿ ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೇ ತಯಾರಾದವು. ನಳಿಕೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡುತ್ತ ಬೆಳಕಿನ ಗೆರೆಗಳನ್ನು ಎಳೆಯುತ್ತದೆ. ಕನ್ಸೋಲ್ ಅದಕ್ಕೆ ಸಂಕೇತ ಕಳಿಸುತ್ತಿದ್ದುದು ಆಂಟೆನಾ ತಂತಿ ಸಿಕ್ಕಿಸುವ ತೂತಿನ ಮೂಲಕವೇ. 1981ರಲ್ಲಿ ಆರಂಭವಾದ ಬೆಂಗಳೂರು ದೂರದರ್ಶನ ಕೇಂದ್ರ ಇರುವುದು ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದಲ್ಲಿ. ಆ ಕೇಂದ್ರ ಇಡೀ ಊರಿಗೆ ಮಾಡುತ್ತಿದ್ದ ಕೆಲಸವನ್ನು ಈ ಪೆಟ್ಟಿಗೆ ಒಂದು ಮನೆಗೆ ಮಾತ್ರ ಮಾಡುತ್ತಿತ್ತು. ಅದು ತನ್ನದೇ ಚಾನೆಲ್ ಇದ್ದ ಪುಟ್ಟ ಪ್ರಸಾರ ಕೇಂದ್ರ.

ಜಪಾನ್ ಮತ್ತು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಕಿರಣ ಸೆಕೆಂಡಿಗೆ ಸುಮಾರು 60 ಬಾರಿ ಪರದೆಯನ್ನು ಗುಡಿಸುತ್ತದೆ. ಫ್ಯಾಮಿಕಾಂ ಆಟಗಳು ಪ್ರತಿ ಬಾರಿಯೂ ನಿಮ್ಮ ಕೈಯಲ್ಲಿನ ಗುಂಡಿಯನ್ನು ನೋಡಿ, ಮುಂದಿನ ಚಿತ್ರದಲ್ಲಿ ಫಲ ತೋರಿಸುತ್ತಿದ್ದವು. ಗುಂಡಿ ಒತ್ತಿದ್ದಕ್ಕೂ ಮಾರಿಯೋ ಹಾರಿದ್ದಕ್ಕೂ ನಡುವೆ ಸೆಕೆಂಡಿನ ಕೆಲವೇ ಅರವತ್ತನೆಯ ಭಾಗಗಳು. ಬೆರಳೇ ಹಾರಿದಂತೆ ಅನ್ನಿಸುವುದು ಇದರಿಂದ.

ನಮ್ಮ ದೇಶದ ಪದ್ಧತಿ ಪಾಲ್. ಅದರಲ್ಲಿ ಸೆಕೆಂಡಿಗೆ 50 ಬಾರಿ ಮಾತ್ರ. 60ರ ಲೆಕ್ಕದಲ್ಲಿ ಬರೆದ ಆಟವನ್ನು ತಿದ್ದದೆ 50ರ ಯಂತ್ರದಲ್ಲಿ ಹಾಕಿದರೆ ಏನಾಗುತ್ತದೆ? ನೀವೇ ಲೆಕ್ಕ ಹಾಕಿ. ಅಲ್ಲಿ 100 ಸೆಕೆಂಡಿನಲ್ಲಿ ಮುಗಿಯುವ ಓಟ ಇಲ್ಲಿ 120 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸಂಗೀತವೂ ಎಳೆದಂತಾಗುತ್ತದೆ. ಪಾಲ್ ದೇಶಗಳಲ್ಲಿ ಬೆಳೆದ ಅನೇಕ ಆಟಗಾರರು ಎಷ್ಟೋ ವರ್ಷಗಳ ನಂತರ ಮೂಲ ವೇಗದ ಆಟ ನೋಡಿ "ಇದೇಕೆ ಇಷ್ಟು ಜೋರು?" ಎಂದು ಬೆರಗಾದದ್ದು ಇದಕ್ಕೇ.

'ಡಕ್ ಹಂಟ್' ಆಟದ ಬಂದೂಕಿನ ಗುಟ್ಟೂ ಇದೇ ಗೆರೆಗಳಲ್ಲಿದೆ. ಬಂದೂಕು ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ನೀವು ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಸಂವೇದಕಕ್ಕೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿದೆ ಎಂದರ್ಥ. ಉರಿಯುವ ಬಲ್ಬಿಗೆ ಗುರಿಯಿಟ್ಟರೆ ಕತ್ತಲೆ ಕಾಣುವುದೇ ಇಲ್ಲ, ಆದ್ದರಿಂದ ಮೋಸ ನಡೆಯುವುದಿಲ್ಲ. ಇಂದಿನ ಚಪ್ಪಟೆ ಟಿವಿಯಲ್ಲಿ ಕಿರಣದ ಓಟವೂ ಇಲ್ಲ, ಚಿತ್ರ ಮೂಡುವುದೂ ತುಸು ತಡ. ಹಳೆಯ ಬಂದೂಕು ಅಲ್ಲಿ ಕುರುಡು.

ಈ 'ತುಸು ತಡ' ಇಂದಿನ ಆಟಗಾರರಿಗೂ ತಿಳಿದಿರಬೇಕು. ಚಪ್ಪಟೆ ಟಿವಿ ಸಿನಿಮಾ ಚೆನ್ನಾಗಿ ಕಾಣಲೆಂದು ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುತ್ತದೆ. ಆ ತಿದ್ದುವಿಕೆಗೆ ಸಮಯ ಹಿಡಿಯುತ್ತದೆ. ನಿಮ್ಮ ಟಿವಿಯ ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಇದ್ದರೆ ಹಾಕಿಕೊಳ್ಳಿ. ಅದು ತಿದ್ದುವಿಕೆಯ ಬಹುಭಾಗವನ್ನು ನಿಲ್ಲಿಸುತ್ತದೆ. ಖರ್ಚಿಲ್ಲದೆ ಆಟ ಸುಧಾರಿಸುವ ಉಪಾಯ ಇದು.

ಮೂರನೆಯ ಗುಣ: ಎರಡನೆಯ ಜಾಯ್‌ಸ್ಟಿಕ್

ಪೆಟ್ಟಿಗೆಯ ಜೊತೆ ಎರಡು ಜಾಯ್‌ಸ್ಟಿಕ್ ಬರುತ್ತಿದ್ದವು. ಈ ಸಣ್ಣ ಸಂಗತಿ ಬೀದಿಯ ಸ್ನೇಹವನ್ನೇ ರೂಪಿಸಿತು. ಒಂದು ಮನೆಯಲ್ಲಿ ಪೆಟ್ಟಿಗೆ ಇದ್ದರೆ ಅಕ್ಕಪಕ್ಕದ ಆರು ಮಕ್ಕಳು ಅಲ್ಲಿ. ಇಬ್ಬರು ಆಡುತ್ತಾರೆ, ನಾಲ್ವರು ಸಲಹೆ ಕೊಡುತ್ತಾರೆ, ಒಂದು 'ಲೈಫ್' ಹೋದರೆ ಕೈ ಬದಲು. ಕಾಂಟ್ರಾದಲ್ಲಿ ಒಬ್ಬ ಮುನ್ನುಗ್ಗಿದರೆ ಇನ್ನೊಬ್ಬ ಹಿಂದೆ ಸಿಕ್ಕಿ ಸಾಯುತ್ತಾನೆ. ಆದ್ದರಿಂದ ಜೊತೆಗಾರನನ್ನು ನೋಡಿಕೊಂಡೇ ಮುಂದೆ ಹೋಗಬೇಕು. ಆ ಆಟದಲ್ಲಿ ಮೂವತ್ತು ಲೈಫ್ ಕೊಡುವ ಗುಟ್ಟಿನ ಗುಂಡಿಗಳ ಸಾಲು ಯಾವ ಪತ್ರಿಕೆಯನ್ನೂ ಓದದ ಮಕ್ಕಳ ಬಾಯಲ್ಲಿ ಯಶವಂತಪುರದಿಂದ ಯಲಹಂಕದವರೆಗೆ ಹಬ್ಬಿತು. ಆ ಸಾಲನ್ನು ಮೊದಲು ಬರೆದವರು ಜಪಾನಿನ ಕೊನಾಮಿ ಕಂಪನಿಯ ಕಾಜುಹಿಸಾ ಹಾಶಿಮೋಟೋ. 1986ರಲ್ಲಿ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸುವಾಗ ತಮಗೇ ಅದು ಕಷ್ಟವಾಯಿತೆಂದು ಬರೆದುಕೊಂಡದ್ದು.

ಇಂದು ಅಂತರಜಾಲದ ಮೂಲಕ ದೂರದ ಊರಿನವರ ಜೊತೆ ಆಡಬಹುದು. ವಿದೇಶದಲ್ಲಿರುವ ಅಣ್ಣನ ಜೊತೆ ಹೆಬ್ಬಾಳದ ತಮ್ಮ ಫುಟ್‌ಬಾಲ್ ಆಡಬಹುದು. ಇದು ಸಣ್ಣ ಲಾಭವಲ್ಲ. ಆದರೆ ಒಂದೇ ಚಾಪೆಯ ಮೇಲೆ ಕುಳಿತು ಆಡುವ ಆಟಗಳು ಕಡಿಮೆಯಾಗಿವೆ. ಎರಡನೆಯ ಜಾಯ್‌ಸ್ಟಿಕ್‌ಗೆ ಬೇರೆ ಹಣ ಕೊಡಬೇಕು. ಅಂತರಜಾಲದಲ್ಲಿ ಜೊತೆಯಾಗಿ ಆಡಲು ಅನೇಕ ಆಟಗಳಿಗೆ ತಿಂಗಳ ಅಥವಾ ವರ್ಷದ ಚಂದಾ ಬೇರೆ.

ಹಳೆಯ ಪೆಟ್ಟಿಗೆಯ ದೋಷಗಳು

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆಗಿನ ಆಟಗಳಲ್ಲಿ ದೊಡ್ಡ ದೋಷಗಳಿದ್ದವು.

ಒಂದು, ಉದ್ದೇಶಪೂರ್ವಕ ಕಾಠಿಣ್ಯ. ಪಳಗಿದವರು ಕಾಂಟ್ರಾವನ್ನು ಒಂದು ಗಂಟೆಯೊಳಗೆ ಮುಗಿಸುತ್ತಿದ್ದರು. ಜಾಗ ಕಡಿಮೆ, ಆಟ ಚಿಕ್ಕದು. ಕೊಂಡವನಿಗೆ ತಿಂಗಳುಗಟ್ಟಲೆ ಸಾಕಾಗಬೇಕಾದರೆ ಅವನನ್ನು ಮತ್ತೆ ಮತ್ತೆ ಸೋಲಿಸಬೇಕು. ಬಹುಪಾಲು ಆಟಗಳಲ್ಲಿ ನಿಲ್ಲಿಸಿದ ಜಾಗವನ್ನು ಉಳಿಸಿಡುವ ಸೌಲಭ್ಯವೂ ಇರಲಿಲ್ಲ. ಏಳನೆಯ ಸ್ಟೇಜಿನಲ್ಲಿ ಕರೆಂಟ್ ಹೋದರೆ ಮತ್ತೆ ಒಂದನೆಯದರಿಂದ. ಇದು ಛಲ ಕಲಿಸಿತು ಎನ್ನುವವರಿದ್ದಾರೆ. ಅರ್ಧದಲ್ಲೇ ಬಿಟ್ಟುಹೋದವರ ಸಂಖ್ಯೆಯನ್ನು ಅವರು ಎಣಿಸುವುದಿಲ್ಲ.

ಎರಡು, ಲೇಬಲಿನ ಸುಳ್ಳು. ಕ್ಯಾಸೆಟಿನ ಮೇಲೆ '9999 ಇನ್ 1' ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಒಂದೇ ಆಟವನ್ನು ಬೇರೆ ಬೇರೆ ಸ್ಟೇಜಿನಿಂದ ಶುರುವಾಗುವಂತೆ ಮಾಡಿ, ಒಂದೊಂದಕ್ಕೂ ಹೊಸ ಹೆಸರು ಕೊಟ್ಟು ಪಟ್ಟಿ ಬೆಳೆಸುತ್ತಿದ್ದರು. ಸಂಖ್ಯೆ ದೊಡ್ಡದಿದ್ದಾಗ ಒಳಗೆ ಏನಿದೆ ಎಂದು ಕೇಳಬೇಕು ಎಂಬ ಪಾಠವನ್ನು ಅನೇಕರು ಮೊದಲು ಕಲಿತದ್ದು ಅಲ್ಲಿ.

ಮೂರು, ಎಲ್ಲರಿಗೂ ಆಟವಿರಲಿಲ್ಲ. ಕೈಬೆರಳು ಸರಿಯಾಗಿ ಆಡದವರಿಗೆ, ದೃಷ್ಟಿ ಮಂದವಿದ್ದವರಿಗೆ ಆ ಆಟಗಳಲ್ಲಿ ಜಾಗವೇ ಇರಲಿಲ್ಲ. ಈ ವಿಷಯದಲ್ಲಿ ಇಂದಿನ ಕಾಲ ನಿಸ್ಸಂಶಯವಾಗಿ ಮೇಲು. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ, ಅಂಗವೈಕಲ್ಯ ಇರುವವರು ತಮಗೆ ಬೇಕಾದ ಗುಂಡಿಗಳನ್ನು ಜೋಡಿಸಿಕೊಳ್ಳಬಹುದಾದ ವಿಶೇಷ ನಿಯಂತ್ರಕವನ್ನು ಹೊರತಂದಿತು. 2020ರ 'ದಿ ಲಾಸ್ಟ್ ಆಫ್ ಅಸ್ ಭಾಗ 2' ಆಟದಲ್ಲಿ ಇಂಥ ಸಹಾಯಕ್ಕೆಂದೇ 60ಕ್ಕೂ ಹೆಚ್ಚು ಆಯ್ಕೆಗಳಿವೆ.

ಹೊಸ ಪೆಟ್ಟಿಗೆಯ ದೋಷ: ಮುಚ್ಚಿದೆ, ಆದರೆ ಮುಗಿದಿಲ್ಲ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಳೆಯ ಪೆಟ್ಟಿಗೆ ಮುಚ್ಚಿತ್ತು. ಒಳಗೆ ಕೈಹಾಕಿ ಬದಲಿಸುವಂತಿರಲಿಲ್ಲ. ಆದರೆ ಅದರಲ್ಲಿ ಹಾಕುವ ಆಟ ಮುಗಿದ ಆಟ. ಕಾರ್ಖಾನೆಯಿಂದ ಹೊರಬಂದ ಮೇಲೆ ಅದನ್ನು ತಿದ್ದಲಾಗದು ಎಂದು ತಿಳಿದಿದ್ದರಿಂದ ತಯಾರಕರು ಮೊದಲೇ ಸರಿಮಾಡಿ ಕಳಿಸಬೇಕಾಗಿತ್ತು. ಮತ್ತು ಕೊಂಡ ಕ್ಯಾಸೆಟ್ ನಿಮ್ಮದು. ಗೆಳೆಯನಿಗೆ ಎರವಲು ಕೊಡಬಹುದು, ಬದಲಾಯಿಸಿಕೊಳ್ಳಬಹುದು, ಬೇಸರವಾದರೆ ಮಾರಬಹುದು.

ಇಂದಿನ ಪೆಟ್ಟಿಗೆಯೂ ಮುಚ್ಚಿದೆ. ಯಾವ ಆಟ ಅದರಲ್ಲಿ ನಡೆಯಬೇಕು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ. ಆದರೆ ಆಟ ಮಾತ್ರ ಮುಗಿದಿರುವುದಿಲ್ಲ. ಹೊಸ ಡಿಸ್ಕ್ ಹಾಕಿದ ದಿನವೇ ಗಿಗಾಬೈಟ್‌ಗಟ್ಟಲೆ ತಿದ್ದುಪಡಿ ಇಳಿಸಿಕೊಳ್ಳಬೇಕಾಗುತ್ತದೆ. ತಿದ್ದುವ ಅವಕಾಶವಿರುವುದು ಒಳ್ಳೆಯದೇ, ಆದರೆ ಅದೇ ಅವಕಾಶ ಅರೆಬೆಂದ ಆಟವನ್ನು ಬಡಿಸುವ ಧೈರ್ಯವನ್ನೂ ಕೊಡುತ್ತದೆ.

ಬೆಲೆಯನ್ನೂ ನೋಡಿ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ 39,990 ರೂಪಾಯಿ ಇತ್ತು. ಆರಂಭದ ಕೆಲವು ದೊಡ್ಡ ಆಟಗಳಿಗೆ ಒಂದೊಂದಕ್ಕೇ 4,999 ರೂಪಾಯಿ. ಮೇಲ್ನೋಟಕ್ಕೆ ಎರಡನೆಯ ಮಾದರಿಯಲ್ಲಿ ಹತ್ತು ಸಾವಿರ ಉಳಿತಾಯ. ಆದರೆ ಡಿಸ್ಕ್ ಇಲ್ಲದ ಮೇಲೆ ಎರವಲೂ ಇಲ್ಲ, ಹಳೆಯದನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಕಂಪನಿಯ ಒಂದೇ ಅಂಗಡಿಯಲ್ಲಿ, ಅದು ಹೇಳಿದ ಬೆಲೆಗೆ ಕೊಳ್ಳಬೇಕು. ನಾಲ್ಕು ಆಟ ಕೊಳ್ಳುವುದರೊಳಗೆ ಆ ಉಳಿತಾಯ ಕರಗಬಹುದು.

ಆ ಅಂಗಡಿಯೇ ಮುಚ್ಚಿದರೆ? ನಿಂಟೆಂಡೋ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಅಂತರಜಾಲ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚ್ 27ರಂದು ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಈಗ ನ್ಯಾಯವಾಗಿ ಕೊಳ್ಳಲು ದಾರಿಯಿಲ್ಲ. ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಎಂಬ ಕಾರು ಓಟದ ಆಟ 2014ರಲ್ಲಿ ಬಂತು. ಒಬ್ಬನೇ ಆಡಿದರೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕೆಂಬ ಕಟ್ಟು ಅದರಲ್ಲಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಹಣ ಕೊಟ್ಟು ಕೊಂಡಿದ್ದ ಡಿಸ್ಕ್ ಅಂದಿನಿಂದ ಬರೀ ಹೊಳೆಯುವ ಬಿಲ್ಲೆ. ಇಂಥ ದೂರುಗಳ ನಂತರ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಅಂತರಜಾಲದಲ್ಲಿ ಇಂಥ ಸರಕು ಮಾರುವವರು ಗ್ರಾಹಕನಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಗೆ ಬಂತು.

ತೊಂಬತ್ತರ ದಶಕದ ಕ್ಯಾಸೆಟ್ ಇಂದಿಗೂ ಹಾಕಿದರೆ ಆಡುತ್ತದೆ. ಸಂಪರ್ಕದ ಲೋಹದ ಹಲ್ಲುಗಳಿಗೆ ಧೂಳು ಕಿಲುಬು ಹಿಡಿದಿದ್ದರೆ ಒರೆಸಿದರಾಯಿತು. ಬಾಯಿಂದ ಊದುವುದು ಬೇಡ. ಊದಿದ್ದರಿಂದ ಸರಿಹೋಯಿತು ಎಂದು ತೋರುತ್ತಿದ್ದುದು ಹೊರತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ಉಸಿರಿನ ತೇವ ಕಿಲುಬನ್ನು ಹೆಚ್ಚಿಸುತ್ತದೆ.

ಜೇಬು ಮತ್ತು ಗಡಿಯಾರ

ಮುಗಿಯದ ಆಟಕ್ಕೆ ಇನ್ನೊಂದು ಮುಖವಿದೆ. ಕೆಲವು ಆಟಗಳು ಮುಗಿಯಬಾರದೆಂದೇ ರಚಿತವಾಗಿವೆ. ದಿನಕ್ಕೊಮ್ಮೆ ಬಂದರೆ ಬಹುಮಾನ, ವಾರಕ್ಕೊಮ್ಮೆ ಹೊಸ ಉಡುಪು, ಹಣ ಕೊಟ್ಟು ತೆರೆಯುವ ಗುಟ್ಟಿನ ಪೆಟ್ಟಿಗೆ. ಏನು ಸಿಗುತ್ತದೆ ಎಂಬುದು ಅದೃಷ್ಟ. 2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದಲ್ಲಿ ಈ ಪದ್ಧತಿ ಕಂಡು ಆಟಗಾರರೇ ದೊಡ್ಡ ಪ್ರತಿಭಟನೆ ಮಾಡಿದರು. 2018ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಇಂಥ ಪೆಟ್ಟಿಗೆ ಜೂಜಿಗೆ ಸಮ ಎಂದರು. ಪೂರ್ತಿ ಬೆಲೆ ತೆಗೆದುಕೊಂಡ ಆಟ ಒಳಗೆ ಮತ್ತೆ ಕೈಚಾಚಿದರೆ ಅದನ್ನು ನಾನು ದೋಷವೆಂದೇ ಕರೆಯುತ್ತೇನೆ.

ಕಾಲದ ವಿಷಯದಲ್ಲಿ ಹೆದರಿಕೆಯೂ ಬೇಡ, ಉಡಾಫೆಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಆಟದ ಗೀಳಿಗೆ ಒಂದು ಹೆಸರಿದೆ, ಅದಕ್ಕೆ ಲಕ್ಷಣಗಳೂ ಇವೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದ್ದರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದಿರಬೇಕು. ಅಂದರೆ ರಜೆಯಲ್ಲಿ ಒಂದು ವಾರ ಹೆಚ್ಚು ಆಡಿದವನು ರೋಗಿಯಲ್ಲ. ಆದರೆ ಈ ಮೂರೂ ನಿಮ್ಮಲ್ಲೋ ಗೆಳೆಯನಲ್ಲೋ ಕಂಡರೆ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ಆರಂಭಿಸಿತು. ಅಲ್ಲಿ ಹೋಗುವುದು ನಾಚಿಕೆಯ ವಿಷಯವಲ್ಲ.

ಪರದೆಯ ಆ ಬದಿ

ಇಷ್ಟೆಲ್ಲ ಆಡಿದ ನಾವು ಮಾಡಿದ್ದೇನು ಎಂದು ನೀವು ಕೇಳಬಹುದು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಭಾರತದಲ್ಲಿ ವಿಡಿಯೋ ಗೇಮ್ ನಿರ್ಮಾಣಕ್ಕೆ ಇಳಿದ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಫೋರ್ಜಾದಂಥ ಹೆಸರಾಂತ ಕನ್ಸೋಲ್ ಆಟಗಳ ಚಿತ್ರಕೆಲಸದಲ್ಲಿ ಅದರ ಕಲಾವಿದರ ಕೈಯಿದೆ. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಪ್ರಪಂಚದ ದೊಡ್ಡ ಆಟಗಳ ಎಷ್ಟೋ ಭಾಗ ನಮ್ಮ ಊರಿನ ಮೇಜುಗಳ ಮೇಲೆ ತಯಾರಾಗುತ್ತದೆ.

ನಮ್ಮ ಕಥೆಯ ಆಟಗಳು ಮಾತ್ರ ಕಡಿಮೆ. 2009ರಲ್ಲಿ ಹೈದರಾಬಾದಿನ ಒಂದು ತಂಡ ಪ್ಲೇಸ್ಟೇಷನ್ 2ಕ್ಕೆ 'ಹನುಮಾನ್: ಬಾಯ್ ವಾರಿಯರ್' ಮಾಡಿತು. ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟ ಎಂದು ಅದು ಹೆಸರಾಯಿತು. ಅದೇ ಕಾಲದ 'ದೇಸಿ ಅಡ್ಡಾ'ದಲ್ಲಿ ಕಬಡ್ಡಿಯೂ ನಮ್ಮ ಚಿನ್ನಿದಾಂಡೂ ಇದ್ದವು. 2020ರಲ್ಲಿ ಪುಣೆಯ ತಂಡದ 'ರಾಜಿ' ಆಟ ಹೊರದೇಶಗಳಲ್ಲೂ ಮೆಚ್ಚುಗೆ ಪಡೆಯಿತು. ಕನ್ಸೋಲಿನಲ್ಲಿ ಕನ್ನಡ ಮಾತಾಡುವ ದೊಡ್ಡ ಆಟ ಮಾತ್ರ ಇನ್ನೂ ಅಪರೂಪದ ವಸ್ತು. ಚಿತ್ರ ಬರೆಯುವವರು, ಗಣಿತ ಬಲ್ಲವರು, ಕಥೆ ಹೇಳುವವರು, ಸಂಗೀತ ಕಟ್ಟುವವರು ನಿಮ್ಮಲ್ಲೇ ಇದ್ದೀರಿ. ಆ ನಾಲ್ವರು ಒಂದು ಕೋಣೆಯಲ್ಲಿ ಕುಳಿತರೆ ಆಟವೊಂದು ಶುರುವಾಗುತ್ತದೆ. 40 ಕಿಲೋಬೈಟಿನಲ್ಲಿ ಮಾರಿಯೋ ಸಾಧ್ಯವಾಗಿದ್ದರೆ ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಜಾಗಕ್ಕೆ ಕೊರತೆಯಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಐದು ಪ್ರಶ್ನೆ

ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಒಂದೇ ಪ್ರಶ್ನೆಯ ಬದಲು ಈ ಐದನ್ನು ಕೇಳಿಕೊಳ್ಳಿ.

1. ಅಂತರಜಾಲ ಇಲ್ಲದಿದ್ದರೂ ಇದು ನಡೆಯುತ್ತದೆಯೇ?
2. ಹತ್ತು ವರ್ಷದ ನಂತರ ಇದನ್ನು ನಾನು ಆಡಬಲ್ಲೆನೇ? ಗೆಳತಿಗೋ ಗೆಳೆಯನಿಗೋ ಎರವಲು ಕೊಡಬಲ್ಲೆನೇ?
3. ಕೊಂಡ ಮೇಲೆ ಇದು ಮತ್ತೆ ಹಣ ಕೇಳುತ್ತದೆಯೇ?
4. ಇದಕ್ಕೆ ಮುಕ್ತಾಯವಿದೆಯೇ? ನಿಲ್ಲಿಸಬೇಕೆಂದಾಗ ನಿಲ್ಲಿಸಲು ಬಿಡುತ್ತದೆಯೇ?
5. ಮನೆಯ ಇನ್ನೊಬ್ಬರು ನನ್ನ ಪಕ್ಕದಲ್ಲಿ ಕುಳಿತು ಆಡಬಹುದೇ?

ಐದಕ್ಕೂ ಒಳ್ಳೆಯ ಉತ್ತರ ಕೊಡುವ ಆಟ ಇಂದಿಗೂ ಇವೆ. ಅವು ಸದಾ ದುಬಾರಿಯೂ ಅಲ್ಲ. ಮನೆಯಲ್ಲಿ ಅಪ್ಪ ಅಮ್ಮ ಆಟದ ಬಗ್ಗೆ ಗೊಣಗಿದರೆ ವಾದಕ್ಕಿಳಿಯುವ ಮೊದಲು ಈ ಪಟ್ಟಿಯನ್ನು ಅವರ ಮುಂದಿಡಿ. ಐದನೆಯ ಪ್ರಶ್ನೆಗೆ ಉತ್ತರವಾಗಿ ಎರಡನೆಯ ಜಾಯ್‌ಸ್ಟಿಕ್ಕನ್ನು ಅವರ ಕೈಗೇ ಕೊಡಿ. ಮೊದಲ ಹತ್ತು ನಿಮಿಷ ಅವರು ಸೋಲುತ್ತಾರೆ. ತಾಳ್ಮೆಯಿಂದ ಕಲಿಸಿ.